ನಾಲ್ಕು ಗಂಟೆಗೆ ಹಣ್ಣಿನ ಘಮದ ಬಿಳಿ ಟೀ

ಹದಿನೈದು ದಿನಗಳ ಹಿಂದೆ ಗಾಜನೂರಿಗೆ ಹೋಗಿದ್ದೆ. ಗಾಜನೂರು ಎಂದ ಕೂಡಲೇ "ರಾಜ್‌ಕುಮಾರ್ ಹುಟ್ಟಿದ ಊರಾ?" ಎಂದು ಕೇಳುವವರುಂಟು. ಅದು ತಾಳವಾಡಿ ಕಡೆಯ ಗಾಜನೂರು, ಈಗ ತಮಿಳುನಾಡಿಗೆ ಸೇರಿದೆ. ನಾನು ಹೇಳುವುದು ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ದಾರಿಯಲ್ಲಿ, ತುಂಗೆಗೆ ಅಣೆಕಟ್ಟು ಕಟ್ಟಿದ ಗಾಜನೂರು. ಅಲ್ಲಿ ನಮ್ಮ ಅತ್ತಿಗೆಯ ಮನೆ.

ಅತ್ತಿಗೆಯ ಮನೆಯ ಜಗಲಿಯಲ್ಲಿ ಸಂಜೆ ನಾಲ್ಕು ಗಂಟೆಗೆ ಟೀ ಎಂದರೆ ಅದೊಂದು ಸಭೆಯೇ. ಆಚೆಮನೆ ಈಚೆಮನೆಯ ನಾಲ್ಕೈದು ಹೆಂಗಸರು ಸೇರುತ್ತಿದ್ದರು. ಅಡಿಕೆ ಧಾರಣೆ, ಮಗಳ ಬಾಣಂತನ, ಯಾರ ಮನೆಯ ಹಸು ಕರು ಹಾಕಿತು, ಎಲ್ಲ ಅಲ್ಲೇ ತೀರ್ಮಾನ. ಗಟ್ಟಿ ಹಾಲಿನ ಟೀ, ಲೋಟಕ್ಕೆ ಎರಡು ಚಮಚ ಸಕ್ಕರೆ. ಹೋದ ವರ್ಷ ಅತ್ತಿಗೆಗೆ ಸಕ್ಕರೆ ಕಾಯಿಲೆ ಇದೆಯೆಂದು ಡಾಕ್ಟರು ಹೇಳಿದರು. ಸೊಸೆ, ಪಾಪ ಅತ್ತೆಯ ಒಳ್ಳೆಯದಕ್ಕೇ, ಸಕ್ಕರೆ ಡಬ್ಬಿಯನ್ನು ಅಟ್ಟಕ್ಕೇರಿಸಿದಳು. "ಸಕ್ರೆ ಬೇಡ ಅಂತಾರೆ, ಪಕ್ಕದಲ್ಲೇ ಸಕ್ರೆಬೈಲು ಇಟ್ಕೊಂಡು ನಾನು ಹ್ಯಾಗೆ ಬದುಕ್ಲಿ ಮಾರಾಯ್ತಿ!" ಎಂದು ಅತ್ತಿಗೆ ಫೋನಿನಲ್ಲಿ ನಕ್ಕಿದ್ದರು. ಆದರೆ ನಗುವಿನ ಮಾತಾಗಿರಲಿಲ್ಲ. ಸಪ್ಪೆ ಟೀ ಗಂಟಲಲ್ಲಿ ಇಳಿಯದೆ ಅವರು ಟೀಯನ್ನೇ ಬಿಟ್ಟರು. ನಾಲ್ಕು ಗಂಟೆಯಾದರೆ ತಲೆನೋವೆಂದು ಒಳಗೆ ಹೋಗಿ ಮಲಗತೊಡಗಿದರು. ಎಲ್ಲರೂ ಲೋಟ ಹಿಡಿದು ಕೂತಾಗ ತಾನೊಬ್ಬಳೇ ಬರಿಗೈಯಲ್ಲಿ ಕೂರುವುದು ಹೇಗೆ ಎಂಬ ಸಂಕೋಚ. ಬರಬರುತ್ತ ನೆರೆಯವರೂ ಬರುವುದನ್ನು ಬಿಟ್ಟರು.

ಬೆಂಗಳೂರಿನಲ್ಲಿರುವ ಮಗ ಇದನ್ನು ಕೇಳಿ, ಹಾಲು ಸಕ್ಕರೆ ಬೇಡದ ಟೀ ಎಂದು ಹಣ್ಣಿನ ಪರಿಮಳದ ಬಿಳಿ ಟೀ ಒಂದು ಡಬ್ಬಿ ಕಳಿಸಿದ. ಅತ್ತಿಗೆ ಅದನ್ನು ನಾವೆಲ್ಲ ಮಾಡುವ ಹಾಗೇ ಹಾಲು ನೀರಿಗೆ ಹಾಕಿ ಕೊತಕೊತ ಕುದಿಸಿದರು. ಹಾಲು ಒಡೆಯಿತು! ಡಬ್ಬಿಯಲ್ಲಿ ಒಣಗಿಸಿದ ಹುಳಿಹಣ್ಣಿನ ಚೂರುಗಳಿದ್ದವು, ಒಡೆಯದೆ ಇನ್ನೇನಾದೀತು? ಮಾರನೆಯ ದಿನ ಹಾಲಿಲ್ಲದೆ ಹತ್ತು ನಿಮಿಷ ಕುದಿಸಿದರು, ಒಗರು. "ಅಷ್ಟು ದುಡ್ಡು ಕೊಟ್ಟು ಹುಲ್ಲಿನ ಕಷಾಯ ಕಳಿಸಿದಾನೆ" ಎಂದು ಡಬ್ಬಿಯನ್ನು ಇಂಗಿನ ಡಬ್ಬಿಯ ಪಕ್ಕಕ್ಕೆ ತಳ್ಳಿದರು. ನಾನು ಹೋದಾಗ ಅದು ಅಲ್ಲೇ ಇತ್ತು.

ತಪ್ಪು ಟೀಯದ್ದಲ್ಲ. ಬಿಳಿ ಟೀ ಬೇರೆ ಯಾವುದೋ ಗಿಡದ್ದೂ ಅಲ್ಲ, ನಮ್ಮ ಟೀಪುಡಿಯ ಗಿಡವೇ. ಚಿಕ್ಕಮಗಳೂರು ಜಿಲ್ಲೆಯ ಕೆಳಗೂರಿನ ಟೀ ತೋಟ ನೋಡಿದವರಿಗೆ ಗಿಡ ಗೊತ್ತು. ಅದರ ತುದಿಯಲ್ಲಿ ಇನ್ನೂ ಬಿಚ್ಚದ ಮೊಗ್ಗೆಲೆ ಇರುತ್ತದಲ್ಲ, ಅದರ ಮೈಮೇಲೆ ಬಿಳಿ ನವಿರು. ಆ ಮೊಗ್ಗನ್ನೂ, ಕೆಲವೊಮ್ಮೆ ಜೊತೆಗೆ ಒಂದೆರಡು ಎಳೆಯ ಎಲೆಯನ್ನೂ ಕಿತ್ತು, ಬಾಡಿಸಿ ಒಣಗಿಸುತ್ತಾರೆ, ಅಷ್ಟೇ. ಮಾಮೂಲಿ ಟೀಯಾದರೆ ಎಲೆಯನ್ನು ಯಂತ್ರದಲ್ಲಿ ಅರೆದು, ಗಾಳಿಗೆ ಬಿಟ್ಟು ಕಪ್ಪಾಗಿಸುತ್ತಾರೆ. ಅದಕ್ಕೇ ಕುದಿಸಿದರೆ ಕಡುಬಣ್ಣ, ಹಾಲಿಗೆ ನಿಲ್ಲುವ ಖಡಕ್ಕು. ಬಿಳಿ ಟೀ ಮೊದಲು ಚೀನಾದ ಫುಜಿಯಾನ್ ಸೀಮೆಯದು. ಈಗ ನೀಲಗಿರಿ, ಡಾರ್ಜಿಲಿಂಗ್, ಅಸ್ಸಾಂಗಳಲ್ಲೂ ಮಾಡುತ್ತಾರೆ. ಎಳೆಮೊಗ್ಗು ಆರಿಸಿ ಕೀಳಬೇಕಾದ್ದರಿಂದ ಬೆಲೆ ಹೆಚ್ಚು.

ಬಾಣಂತಿಗೂ ಮಗುವಿಗೂ ಒಂದೇ ನೀರು ಹುಯ್ಯುತ್ತೇವೆಯೇ? ಮಗುವಿಗೆ ಹದ ಬೇರೆ. ಇದೂ ಹಾಗೇ.

ಮೊದಲು ನೀರಿನ ಮಾತು. ಗಂಗಾ ಸ್ನಾನ, ತುಂಗಾ ಪಾನ ಎಂದು ಹಿರಿಯರು ಹೇಳಿದ್ದು ಟೀಗಲ್ಲದಿದ್ದರೂ ಟೀಗೂ ಸರಿಯೇ. ಗಡಸು ಬೋರಿನ ನೀರಿನಲ್ಲಿ ಮೇಲೆ ತೆಳ್ಳಗೆ ಕೆನೆಯಂತೆ ಕಟ್ಟಿ ರುಚಿ ಮಂಕಾಗುತ್ತದೆ. ಕುಡಿಯಲು ಯಾವ ನೀರು ಸಿಹಿಯೋ ಅದನ್ನೇ ತೆಗೆದುಕೊಳ್ಳಿ. ಚೆನ್ನಾಗಿ ಕುದಿಸಿ ಒಲೆ ಆರಿಸಿ, ಮುಚ್ಚಳ ತೆಗೆದು ಐದಾರು ನಿಮಿಷ ಬಿಡಿ. ಸುಮಾರು 80 ಡಿಗ್ರಿಗೆ ಇಳಿದರೆ ಸಾಕು. ಅಡುಗೆಮನೆಯಲ್ಲಿ ಥರ್ಮಾಮೀಟರು ಯಾರಿಟ್ಟಿರುತ್ತಾರೆ? ಕುದಿಯ ಸದ್ದಡಗಿ, ಭುಗಿಲೆಂದು ಏಳುತ್ತಿದ್ದ ಹಬೆ ತೆಳ್ಳಗಾಗಿ ಸುಳಿಯುವಾಗ ಅದು ಹದ.

200 ಮಿಲಿಲೀಟರ್ ನೀರಿಗೆ 2 ಗ್ರಾಂ ಟೀ. ಇದು ಒಣಗಿದ ಹೂವಿನಷ್ಟು ಹಗುರ, ಟೀಪುಡಿಯ ಚಿಕ್ಕ ಚಮಚದ ಲೆಕ್ಕ ಹಿಡಿದರೆ ನೀರೇ ಕುಡಿದ ಹಾಗಾಗುತ್ತದೆ. ಊಟದ ದೊಡ್ಡ ಚಮಚದಲ್ಲಿ ತುಂಬ ಒಂದು ಹಾಕಿ. ಪಿಂಗಾಣಿಯದೋ ಸ್ಟೀಲಿನದೋ ಪಾತ್ರೆಯಲ್ಲಿ ಎಲೆಯ ಮೇಲೆ ನೀರು ಹುಯ್ದು, ತಟ್ಟೆ ಮುಚ್ಚಿ, ನಾಲ್ಕು ನಿಮಿಷ ಬಿಟ್ಟು ಸೋಸಿ. ಮುಚ್ಚದಿದ್ದರೆ ಹಣ್ಣಿನ ಘಮ ನಿಮ್ಮ ಮೂಗಿಗಲ್ಲ, ಅಡುಗೆಮನೆಯ ಕಿಟಕಿಗೆ. ಬಣ್ಣ ತೆಳು ಹೊಂಬಣ್ಣ. ತೆಳುವಾಯಿತೆಂದು ಮತ್ತೆ ಒಲೆಯ ಮೇಲಿಡಬೇಡಿ. ಸೋಸಿದ ಎಲೆಯನ್ನೂ ಚೆಲ್ಲಬೇಡಿ. ಅದೇ ಎಲೆಗೆ ಕೂಡಲೇ ಇನ್ನೊಂದು ಸಲ ಬಿಸಿನೀರು ಹುಯ್ದು, ಈ ಸಲ ಐದಾರು ನಿಮಿಷ ಬಿಟ್ಟರೆ ಎರಡನೆಯ ಲೋಟ ಸಿದ್ಧ. ಬೆಲೆಯ ನೋವು ಅರ್ಧ ಕಳೆಯಿತು.

ಹಣ್ಣಿನ ವಿಷಯ ನನಗೆ ಹೆಚ್ಚು ಇಷ್ಟದ್ದು. ಡಬ್ಬಿಯಲ್ಲಿ ಬರುವ ಹಣ್ಣಿನ ಟೀಯಲ್ಲಿ ಚೂರುಗಳು ಹೆಚ್ಚಾಗಿ ಕಣ್ಣಿಗೆ, ಪರಿಮಳ ಬೇರೆಯಾಗಿ ಸೇರಿಸಿದ್ದು. ಕೆಲವದರಲ್ಲಿ ಸಕ್ಕರೆ ಸವರಿದ ಹಣ್ಣೂ ಇರುತ್ತದೆ. ಆದ್ದರಿಂದ ಡಬ್ಬಿಯ ಬೆನ್ನಿನ ಸಣ್ಣಕ್ಷರಗಳನ್ನು ಕನ್ನಡಕ ಹಾಕಿಕೊಂಡಾದರೂ ಓದಿ. ಅದಕ್ಕಿಂತ, ಬರಿಯ ಬಿಳಿ ಟೀ ತಂದು ನಮ್ಮ ಮಲೆನಾಡಿನ ಹಣ್ಣು ನಾವೇ ಸೇರಿಸುವುದು ಚೆಂದ. ಗುಲಾಬಿಯ ಪರಿಮಳದ ಪನ್ನೇರಳೆ ಈ ಟೀಗೆಂದೇ ಹುಟ್ಟಿದ ಹಾಗಿದೆ. ಬೀಜ ತೆಗೆದು ತೆಳ್ಳಗೆ ಹೆಚ್ಚಿದ ನಾಲ್ಕು ಹೋಳನ್ನು ಎಲೆಯ ಜೊತೆಗೇ ಹಾಕಿ ಮುಚ್ಚಿಡಿ. ಅನಾನಸಾದರೆ ಎರಡು ಸಣ್ಣ ಹೋಳು ಜಜ್ಜಿ ಲೋಟದ ತಳದಲ್ಲಿಟ್ಟು ಮೇಲೆ ಸೋಸಿದ ಟೀ ಹುಯ್ಯಿರಿ. ಹೇರಳೆಕಾಯಿಯ ಹಸಿರು ಸಿಪ್ಪೆ ಬೆರಳಗಲ ಸಾಕು, ಒಳಗಿನ ಬಿಳಿ ಭಾಗ ಬಂದರೆ ಕಹಿ. ಮುರುಗಲು ಹಾಕುವ ಆಸೆಯಾಗುತ್ತದೆ, ನನಗೂ ಆಯಿತು. ಒಂದು ಇಡೀ ಸಿಪ್ಪೆ ಹಾಕಿದೆ, ಕೆಂಪಗೆ ನೋಡಲು ಬಲು ಸೊಗಸು. ಕುಡಿದರೆ ಮುರುಗಲಿನ ಪಾನಕ, ಟೀ ಎಲ್ಲಿ ಹೋಯಿತೋ! ಕಾಲುಭಾಗಕ್ಕಿಂತ ಹೆಚ್ಚು ಬೇಡ.

ಹಸಿ ಹಣ್ಣು ಸಿಪ್ಪೆ ಯಾವುದನ್ನೂ ಟೀ ಡಬ್ಬಿಯಲ್ಲಿ ಹಾಕಿಡಬೇಡಿ. ನಮ್ಮ ಮಳೆಗಾಲದಲ್ಲಿ ಎರಡೇ ದಿನಕ್ಕೆ ಬೂಷ್ಟು. ಹೇರಳೆ ಸಿಪ್ಪೆಯನ್ನು ಬೇಸಿಗೆಯಲ್ಲಿ ನೆರಳಲ್ಲಿ ಗರಿಗರಿಯಾಗಿ ಒಣಗಿಸಿ ಟೀಯ ಜೊತೆ ವಾರ ಮುಚ್ಚಿಟ್ಟರೆ ಘಮ ತಾನೇ ಹಿಡಿಯುತ್ತದೆ. ಚೀನಾದವರ ಮಲ್ಲಿಗೆ ಟೀ ಹುಟ್ಟಿದ್ದೂ ಟೀ ಎಲೆಗೆ ವಾಸನೆ ಹೀರುವ ಈ ಗುಣದಿಂದಲೇ. ಅತ್ತಿಗೆಯ ಡಬ್ಬಿ ಇಂಗಿನ ಪಕ್ಕದಲ್ಲಿತ್ತೆಂದು ಹೇಳಿದೆನಷ್ಟೆ. ಮುಚ್ಚಳ ಬಿಗಿಯಾಗಿದ್ದರಿಂದ ಬಚಾವು.

ಒಂದೆರಡು ಎಚ್ಚರಿಕೆ. ಬಿಳಿ ಟೀ ಕುಡಿದರೆ ಸಕ್ಕರೆ ಕಾಯಿಲೆ ವಾಸಿ, ಮೈ ಇಳಿಯುತ್ತದೆ ಎಂದು ಹೇಳುವವರ ಮಾತು ಕೇಳಿ ಮಾತ್ರೆ ಬಿಡಬೇಡಿ. ಇದು ಔಷಧವಲ್ಲ, ಸಕ್ಕರೆಯಿಲ್ಲದೆಯೂ ಬಾಯಿಗೆ ಹಿಡಿಸುವ ಟೀ, ಅಷ್ಟೇ. ಬೆಲ್ಲ, ಜೇನು ಹಾಕಿದರೆ ಅದೂ ಸಕ್ಕರೆಯ ಲೆಕ್ಕಕ್ಕೇ. ಬಣ್ಣ ತೆಳುವೆಂದು ನಿದ್ದೆ ಕೆಡಿಸದು ಎಂದುಕೊಳ್ಳಬೇಡಿ, ಇದರಲ್ಲೂ ಕೆಫೀನ್ ಇದೆ, ರಾತ್ರಿ ಬೇಡ. ರಕ್ತಹೀನತೆ ಇರುವವರು ಯಾವ ಟೀಯನ್ನೇ ಆಗಲಿ ಊಟದ ಜೊತೆಗೆ ಕುಡಿಯಬಾರದು, ಆಹಾರದಲ್ಲಿನ ಕಬ್ಬಿಣದ ಅಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ಒಂದು ಗಂಟೆಯಾದರೂ ಬಿಟ್ಟು ಕುಡಿಯಲಿ. ಬಸುರಿಯರು ಡಾಕ್ಟರನ್ನು ಕೇಳಿಯೇ ಕುಡಿಯಿರಿ.

ಅವತ್ತು ನಾಲ್ಕು ಗಂಟೆಗೆ ಸೊಸೆಯ ಕೈಯಲ್ಲೇ ಟೀ ಮಾಡಿಸಿದೆ, ಅನಾನಸಿನ ಹೋಳು ಹಾಕಿ. ನಾನೇ ಹೋಗಿ ಪಕ್ಕದ ಮನೆಯವರನ್ನು ಕರೆದೆ. ಅತ್ತಿಗೆ "ನಂಗೆ ಬೇಡ ಕಣೇ" ಎನ್ನುತ್ತಲೇ ಲೋಟ ಹಿಡಿದರು, ಮೂಗಿನ ಹತ್ತಿರ ತಂದರು, ಒಂದು ಗುಟುಕು ಕುಡಿದರು. ಏನೂ ಹೇಳಲಿಲ್ಲ. ಪಕ್ಕದ ಮನೆಯಾಕೆ "ಇದಕ್ಕೊಂಚೂರು ಹಾಲು ಹಾಕಿದ್ರೆ ಏನಾಗ್ತಿತ್ತು?" ಎಂದರು. ಅತ್ತಿಗೆ ಲೋಟ ಕೆಳಗಿಟ್ಟು, "ಒಡೀತದೆ, ಗೊತ್ತಿಲ್ವಾ ನಿಂಗೆ?" ಎಂದು ಶುರು ಮಾಡಿದರು ನೋಡಿ, ನನಗೆ ಬಸ್ಸಿಗೆ ಹೊತ್ತಾಯಿತೆಂದು ಎದ್ದರೂ ಅವರ ಪಾಠ ಮುಗಿದಿರಲಿಲ್ಲ.