ಆ ಕೆಂಪು ನಕ್ಷತ್ರ ಹಾಕುವ ಮುನ್ನ

ಕಾಲೇಜಿನಲ್ಲಿ ಫೆಸ್ಟ್ ಇರಲಿ, ರಕ್ತದಾನ ಶಿಬಿರ ಇರಲಿ, ಕ್ಲಾಸಿನ ವಾಟ್ಸ್‌ಆ್ಯಪ್ ಗ್ರೂಪಿಗೆ ಮೊದಲು ಬಂದು ಬೀಳುವುದು ಗೂಗಲ್ ಫಾರ್ಮ್‌ನ ಲಿಂಕ್. ಹೆಸರು, ಯುಎಸ್‌ಎನ್, ಮೊಬೈಲ್ ನಂಬರ್, ಇಮೇಲ್. ಇಮೇಲ್ ಪಕ್ಕದಲ್ಲೊಂದು ಕೆಂಪು ನಕ್ಷತ್ರ. ಅದನ್ನು ತುಂಬದೆ ಫಾರ್ಮ್ ಸಲ್ಲಿಕೆಯಾಗುವುದಿಲ್ಲ. ಆ ನಕ್ಷತ್ರ ತಾನಾಗಿ ಬಂದದ್ದಲ್ಲ, ಫಾರ್ಮ್ ಮಾಡಿದವರು ‘ರಿಕ್ವೈರ್ಡ್’ ಆಯ್ಕೆಯನ್ನು ಆನ್ ಮಾಡಿದ್ದರಿಂದ ಬಂದದ್ದು. ಯಾಕೆ ಮಾಡಿದ್ರಿ ಎಂದು ಕೇಳಿ ನೋಡಿ. ‘ಎಲ್ಲರೂ ಕೇಳ್ತಾರಲ್ಲ, ಇರಲಿ ಅಂತ’ ಎನ್ನುತ್ತಾರೆ. ಈ ‘ಇರಲಿ ಅಂತ’ ಎನ್ನುವುದರ ಬಗ್ಗೆಯೇ ನನ್ನ ತಕರಾರು.

ಕ್ಲಾಸಿನೊಳಗೆ ಇದೇನೂ ದೊಡ್ಡ ವಿಷಯವಲ್ಲ. ನಮಗೆಲ್ಲ ಒಂದಲ್ಲ, ಎರಡು ಇಮೇಲ್ ಇರುತ್ತವೆ. ಆದರೆ ನಾವು ಮಾಡುವ ಫಾರ್ಮ್‌ಗಳು ಕಾಲೇಜಿನ ಗೇಟು ದಾಟುತ್ತವೆ. ಎನ್‌ಎಸ್‌ಎಸ್ ಶಿಬಿರದ ಹಳ್ಳಿ ಸಮೀಕ್ಷೆ, ಊರಿನ ಯುವಕ ಸಂಘದ ಕಣ್ಣಿನ ತಪಾಸಣೆ, ಪ್ರಾಜೆಕ್ಟಿಗಾಗಿ ರೈತರಿಂದ ಸಂಗ್ರಹಿಸುವ ಮಾಹಿತಿ, ಎಲ್ಲಕ್ಕೂ ಫಾರ್ಮ್ ಮಾಡುವವರು ನಾವೇ. ತುಂಬುವವರು ನಮ್ಮ ಅಪ್ಪ, ಅಮ್ಮ, ಅಜ್ಜಿಯ ವಯಸ್ಸಿನವರು. ಅವರಿಗೆ ವಾಟ್ಸ್‌ಆ್ಯಪ್ ಬರುತ್ತದೆ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ದುಡ್ಡು ಕಳಿಸುವುದೂ ಬರುತ್ತದೆ. ಇಮೇಲ್? ಫೋನ್ ಕೊಂಡ ದಿನ ಪ್ಲೇ ಸ್ಟೋರ್ ತೆರೆಯಲೆಂದು ಅಂಗಡಿಯ ಹುಡುಗ ಮಾಡಿಕೊಟ್ಟದ್ದೊಂದು ಇರಬಹುದು. ಅದರ ವಿಳಾಸ ನೆನಪಿಲ್ಲ, ಪಾಸ್‌ವರ್ಡ್ ಅಂತೂ ಗೊತ್ತೇ ಇಲ್ಲ.

ನಕ್ಷತ್ರ ಬಿಡುವುದಿಲ್ಲವಾದ್ದರಿಂದ ಅವರಿಗೆ ಉಳಿಯುವುದು ಎರಡೇ ದಾರಿ: ಫಾರ್ಮ್ ಅನ್ನು ಅಲ್ಲಿಗೇ ಬಿಡುವುದು, ಇಲ್ಲವೇ ಯಾರದ್ದಾದರೂ ಇಮೇಲ್ ಹಾಕುವುದು. ಸೈಬರ್ ಸೆಂಟರಿನವರು ತಮ್ಮದೇ ಇಮೇಲ್ ಹಾಕಿ ಅರ್ಜಿ ತುಂಬಿಕೊಡುವುದು ನಮ್ಮ ಊರುಗಳಲ್ಲಿ ಹೊಸದೇನಲ್ಲ. ಅವರನ್ನು ದೂರಿ ಪ್ರಯೋಜನವಿಲ್ಲ, ಎದುರಿಗೆ ನಿಂತವರ ಕೆಲಸ ಆಗಬೇಕಲ್ಲ! ಆದರೆ ಅರ್ಜಿ ವಿದ್ಯಾರ್ಥಿವೇತನದ್ದಾದರೆ? ದಾಖಲೆ ಸರಿಯಿಲ್ಲ ಎಂಬ ಸೂಚನೆಯೂ, ಪಾಸ್‌ವರ್ಡ್ ಬದಲಿಸುವ ಲಿಂಕೂ ಬೇರೆಯವರ ಇನ್‌ಬಾಕ್ಸ್ ಸೇರುತ್ತವೆ. ಹುಡುಗಿಗೆ ವಿಷಯ ಗೊತ್ತಾಗುವಷ್ಟರಲ್ಲಿ ಕೊನೆಯ ದಿನಾಂಕ ಮುಗಿದಿರುತ್ತದೆ. ಕಾಲಂ ಭರ್ತಿಯಾಯಿತು, ಸುದ್ದಿ ಮಾತ್ರ ತಲುಪಲಿಲ್ಲ.

‘ವ್ಯಾಲಿಡೇಷನ್ ಹಾಕಿದ್ದೇವೆ, ತಪ್ಪು ಇಮೇಲ್ ಬರೋದಿಲ್ಲ’ ಎನ್ನುವ ಗೆಳೆಯರಿದ್ದಾರೆ. ಇದು ಅರ್ಧ ಸತ್ಯ. ವ್ಯಾಲಿಡೇಷನ್ ನೋಡುವುದು ವಿಳಾಸದ ಆಕಾರವನ್ನು ಮಾತ್ರ. @ ಚಿಹ್ನೆ ಇದೆಯೇ, ಅದರ ಆಚೀಚೆ ಅಕ್ಷರಗಳಿವೆಯೇ, ಅಷ್ಟೇ. ಜಿಮೇಲ್ ಎಂಬುದರ ಸ್ಪೆಲಿಂಗ್‌ನಲ್ಲಿ ಎರಡು ಅಕ್ಷರ ಅದಲುಬದಲಾದರೂ ಅದು ಪಾಸ್. ಇನ್ನೊಂದೆಡೆ, ಸರಿಯಾದ ವಿಳಾಸಕ್ಕೂ ಅದು ಅಡ್ಡ ನಿಲ್ಲಬಹುದು. ಇಂಗ್ಲಿಷೇತರ ಲಿಪಿಗಳಲ್ಲಿ ಇಮೇಲ್ ವಿಳಾಸ ಇರಬಹುದು ಎಂಬುದಕ್ಕೆ 2012ರಲ್ಲೇ ಅಂತರರಾಷ್ಟ್ರೀಯ ಮಾನದಂಡ ಬಂದಿದೆ. 2014ರಿಂದ ಜಿಮೇಲ್ ಅಂಥ ವಿಳಾಸಗಳಿಗೆ ಪತ್ರ ಕಳಿಸುತ್ತದೆ, ಅಲ್ಲಿಂದ ಬಂದದ್ದನ್ನು ಸ್ವೀಕರಿಸುತ್ತದೆ. ಆದರೆ ವೆಬ್ ಪುಟಗಳ ಇಮೇಲ್ ಕಾಲಂಗೆ ಎಚ್‌ಟಿಎಂಎಲ್ ನಿಗದಿಪಡಿಸಿದ ನಿಯಮದಲ್ಲಿ @ ಚಿಹ್ನೆಯ ಹಿಂದೆ ಕನ್ನಡ ಅಕ್ಷರಕ್ಕೆ ಜಾಗವಿಲ್ಲ.

ಇಮೇಲ್ ಕೇಳಲೇಬಾರದು ಎಂಬುದು ನನ್ನ ವಾದವಲ್ಲ. ಪ್ರಮಾಣಪತ್ರ ಕಳಿಸಬೇಕು, ಒಬ್ಬರೇ ಎರಡು ಸಲ ತುಂಬಬಾರದು ಎಂದಿದ್ದರೆ ಅದು ಬೇಕೇ ಬೇಕು. ಆದರೆ ಬೇಕಾದದ್ದಕ್ಕೆ ತಕ್ಕಂತೆ ಹೊಂದಿಸುವುದು ನಮ್ಮ ಜವಾಬ್ದಾರಿ. ಗೂಗಲ್ ಫಾರ್ಮ್‌ನ ಸೆಟ್ಟಿಂಗ್ಸ್‌ನಲ್ಲಿ ಮೂರು ಆಯ್ಕೆಗಳಿವೆ: ಇಮೇಲ್ ಸಂಗ್ರಹಿಸಬೇಡ, ಲಾಗಿನ್ ಆದ ಖಾತೆಯಿಂದಲೇ ತೆಗೆದುಕೋ, ತುಂಬುವವರೇ ಟೈಪ್ ಮಾಡಲಿ. ಎರಡನೆಯದರಲ್ಲಿ ಸ್ಪೆಲಿಂಗ್ ತಪ್ಪಾಗದು, ಆದರೆ ಗೂಗಲ್ ಖಾತೆಗೆ ಲಾಗಿನ್ ಆಗದವರು ಹೊರಗೇ ಉಳಿಯುತ್ತಾರೆ. ಮೂರನೆಯದರಲ್ಲಿ ಎಲ್ಲರೂ ಒಳಗೆ ಬರಬಹುದು, ಆದರೆ ಟೈಪಿಂಗ್ ತಪ್ಪು ನುಸುಳುತ್ತದೆ. ತುಂಬಿದ್ದರ ಪ್ರತಿಯನ್ನು ಅವರ ಇಮೇಲ್‌ಗೇ ಕಳಿಸುವ ಆಯ್ಕೆಯೂ ಇದೆ. ಪ್ರತಿ ಬಾರದಿದ್ದರೆ ವಿಳಾಸ ತಪ್ಪಿರಬಹುದೆಂದು ಅವರಿಗೆ ಆಗಲೇ ಅನುಮಾನ ಬರುತ್ತದೆ. ಇಮೇಲನ್ನು ಮಾಮೂಲಿ ಪ್ರಶ್ನೆಯಾಗಿ ಕೇಳಿದರೆ, ವಿಳಾಸ ತಪ್ಪಾದಾಗ ಕಾಣುವ ಎಚ್ಚರಿಕೆಯನ್ನು ನಾವೇ ಕನ್ನಡದಲ್ಲಿ ಬರೆಯಬಹುದು. ಬರೆದವರನ್ನು ನಾನು ನೋಡಿದ್ದು ಕಡಿಮೆ.

ಕಾನೂನೂ ಇದನ್ನೇ ಹೇಳುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಒಬ್ಬರ ಒಪ್ಪಿಗೆ ಅನ್ವಯಿಸುವುದು ಹೇಳಿದ ಉದ್ದೇಶಕ್ಕೆ ಅಗತ್ಯವಿರುವಷ್ಟು ಮಾಹಿತಿಗೆ ಮಾತ್ರ. ಕಣ್ಣಿನ ತಪಾಸಣೆಗೆ ಬರುವ ಅಜ್ಜಿಯ ಇಮೇಲ್ ಯಾವ ಉದ್ದೇಶಕ್ಕೆ?

ಆದ್ದರಿಂದ ಗೆಳೆಯರೇ, ಮುಂದಿನ ಸಲ ಫಾರ್ಮ್ ಮಾಡುವಾಗ ಒಂದು ಪ್ರಶ್ನೆ ಕೇಳಿಕೊಳ್ಳೋಣ: ಈ ವಿಳಾಸಕ್ಕೆ ನಾವು ನಿಜಕ್ಕೂ ಪತ್ರ ಬರೆಯುತ್ತೇವೆಯೇ? ಇಲ್ಲವೆಂದಾದರೆ ಕಾಲಂ ತೆಗೆಯೋಣ. ಹೌದೆಂದಾದರೆ ಯಾಕೆಂದು ಕೆಳಗೆ ಒಂದು ಸಾಲು ಬರೆಯೋಣ, ಇಮೇಲ್ ಇಲ್ಲದವರಿಗೆ ಮೊಬೈಲ್ ನಂಬರ್ ಕೊಡುವ ಅವಕಾಶ ಇಡೋಣ. ಇನ್ನೆರಡು ವರ್ಷಕ್ಕೆ ಬಿ.ಇ. ಮುಗಿಸಿ ನಮ್ಮಲ್ಲಿ ಕೆಲವರು ಬ್ಯಾಂಕಿನ, ಆಸ್ಪತ್ರೆಯ, ಸರ್ಕಾರದ ಅರ್ಜಿಗಳಿಗೆ ಕೋಡ್ ಬರೆಯುತ್ತೇವೆ. ‘ಇರಲಿ ಅಂತ’ ಹಾಕುವ ನಕ್ಷತ್ರದ ಅಭ್ಯಾಸ ಅಲ್ಲಿಗೂ ನಮ್ಮ ಜೊತೆಗೇ ಬರುತ್ತದೆ. ಬಿಡುವುದಾದರೆ ಈಗಲೇ ಬಿಡಬೇಕು.