ಸಂಪಾದಕರ ಮೇಜಿಲ್ಲದ ಚಿತ್ರಮಾಲೆ

ತಮ್ಮ ಮಗಳು ಯಾವ ಪತ್ರಿಕೆಯ ಆಸರೆಯೂ ಇಲ್ಲದೆ ಅಂತರ್ಜಾಲದಲ್ಲಿ ವ್ಯಂಗ್ಯಚಿತ್ರಮಾಲೆಯನ್ನು ಪ್ರಕಟಿಸಲಿಚ್ಛಿಸುವಳೆಂದೂ, ಇದು ಯುಕ್ತವೇ ಎಂದೂ ಯಲಹಂಕದ ವಾಚಕರೊಬ್ಬರು ನಮ್ಮನ್ನು ಕೇಳಿರುವರು.

1942ರಲ್ಲಿ ಡಾ. ಎಂ. ಶಿವರಾಂ ಅವರು ಆರಂಭಿಸಿದ 'ಕೊರವಂಜಿ'ಗೆ ಆರ್. ಕೆ. ಲಕ್ಷ್ಮಣರು ಎಳೆಯ ವಯಸ್ಸಿನಲ್ಲಿ ಚಿತ್ರ ಬರೆದರು. ಪತ್ರಿಕೆಯಲ್ಲಿ ಬರೆಯುವವರಿಗೆ ಬರುವ ಮೆಚ್ಚಿಕೆಯಾಗಲಿ ಬೈಗುಳಾಗಲಿ ಮೊದಲು ಸಂಪಾದಕರ ಮೇಜನ್ನು ಸೇರುತ್ತದೆ. ಸ್ವತಂತ್ರ ಚಿತ್ರಕಾರರಿಗೆ ಆ ಮೇಜಿಲ್ಲ.

ಬೆಂಗಳೂರಿನ ರಚಿತಾ ತನೇಜಾ ಅವರು 2014ರಲ್ಲಿ 'ಸ್ಯಾನಿಟರಿ ಪ್ಯಾನಲ್ಸ್' ಎಂಬ ಮಾಲೆಯನ್ನು ತೊಡಗಿದರು. ಅದರ ಮನುಷ್ಯರು ಬರಿಯ ಕಡ್ಡಿಗೊಂಬೆಗಳು. ಮಾತು ಮಾತ್ರ ಬಲು ಮೊನಚು. 2020ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ನ್ಯಾಯಾಂಗನಿಂದನೆಯ ವಿಷಯವಾಗಿ ನೋಟೀಸು ಹೊರಡಿಸಿದಾಗ ಅದು ಅವರೊಬ್ಬರ ಹೆಸರಿಗೇ ಬಂದಿತು. 2024ರಲ್ಲಿ ಕೋಫಿ ಅನ್ನಾನರ ಹೆಸರಿನ ವ್ಯಂಗ್ಯಚಿತ್ರ ಪ್ರಶಸ್ತಿಯನ್ನು ಹಾಂಗ್‌ಕಾಂಗಿನ ಜುಂಜಿಯವರೊಡನೆ ಹಂಚಿಕೊಂಡರು. ಎರಡಕ್ಕೂ ಕಾರಣ ಅದೇ ಕಡ್ಡಿಗೊಂಬೆಗಳು!

ಮಗಳು ಬರೆಯಲಿ. ವಾರಕ್ಕೊಂದೆಂದು ವಾಚಕರಿಗೆ ಮಾತು ಕೊಟ್ಟರೆ ಅದನ್ನು ನಡೆಯಿಸಲಿ; ವಾರ ತಪ್ಪುವುದನ್ನು ಅವರು ನಮಗಿಂತ ಬೇಗ ಗುರುತಿಸುವರು. ಆದರೆ ಮೊದಲ ಕೆಲವು ತಿಂಗಳು, ಬಂದ ಅಭಿಪ್ರಾಯಗಳನ್ನು ಮನೆಯವರೊಬ್ಬರು ಅವಳೊಡನೆ ಕುಳಿತು ಓದುವುದು ಒಳ್ಳೆಯದು. ತಪ್ಪು ತೋರಿಸಿದವರಿಗೆ ಅಂದೇ ಉತ್ತರ ಹೋಗಲಿ. ಬರಿದೇ ಬೈದವರಿಗೆ ಬೇಡ.