ಫೋಟೋ ಮೊದಲು, ಕತ್ತರಿ ಆಮೇಲೆ

ಅಡಿಕೆ ಕೊಯ್ಲು ಮುಗಿಯುತ್ತ ಬರುವ ಹೊತ್ತಿಗೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಹೈಸ್ಕೂಲುಗಳಲ್ಲಿ ಹತ್ತನೇ ತರಗತಿಯ ಗ್ರೂಪ್ ಫೋಟೋಕ್ಕೆ ದಿನ ಗೊತ್ತಾಗುತ್ತದೆ. ಬೀಳ್ಕೊಡುಗೆ, ಪ್ರಿಪರೇಟರಿ ಪರೀಕ್ಷೆ, ಹಾಲ್ ಟಿಕೆಟ್ಟುಗಳ ಗಡಿಬಿಡಿಯ ನಡುವೆ ಹಲವು ಮನೆಗಳಲ್ಲಿ ಇನ್ನೊಂದು ಮಾತೂ ಏಳುತ್ತದೆ. ಈ ಉದ್ದ ಕೂದಲನ್ನು ಫೋಟೋಕ್ಕೆ ಮುಂಚೆ ಕತ್ತರಿಸಿಬಿಡುವುದೋ, ಹಾಗೇ ಬಿಡುವುದೋ? ಹುಡುಗಿಗೆ ಗೆಳತಿಯರ ಹಾಗೆ ಭುಜದ ಮಟ್ಟಕ್ಕೆ ಮಾಡಿಸಿಕೊಳ್ಳುವ ಆಸೆ. ಅಮ್ಮಮ್ಮನಿಗೆ ಅದು ಕಿವಿಗೆ ಬಿದ್ದರೇ ಸಂಕಟ. ‘ಕತ್ತರಸಡ ಕೂಸೆ’ ಎಂದು ಅಡುಗೆಮನೆಯಿಂದ ಜಗಲಿಯವರೆಗೂ ಹಿಂದೆ ಬರುತ್ತಾಳೆ. ಗಂಡುಹುಡುಗನ ಮನೆಯಲ್ಲಾದರೆ ಇದೇ ಜಗಳ ತಿರುಗುಮುರುಗು: ಅವನಿಗೆ ಬೆಳೆಸುವ ಆಸೆ, ಮನೆಗೂ ಶಾಲೆಗೂ ಕತ್ತರಿಸುವ ಆತುರ.

ಇದನ್ನು ಚಿಲ್ಲರೆ ವಿಷಯವೆಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ಹದಿನೈದು ವರ್ಷದ ಮಗುವಿನ ಹೆಸರು, ಶಾಲೆ, ಓದುವ ಮಾಧ್ಯಮ, ತೊಡುವ ಸಮವಸ್ತ್ರ ಎಲ್ಲವನ್ನೂ ದೊಡ್ಡವರೇ ಆರಿಸಿರುತ್ತಾರೆ. ತನ್ನ ಮೈಯ ಬಗ್ಗೆ ತಾನೇ ಮಾಡಬಹುದಾದ ಮೊದಮೊದಲ ತೀರ್ಮಾನಗಳಲ್ಲಿ ಕೂದಲಿನದು ಒಂದು. ಅದನ್ನು ಹೇಗೆ ಮಾಡಲು ಬಿಡುತ್ತೇವೆ ಎಂಬುದರ ಮೇಲೆ, ಮುಂದಿನ ದೊಡ್ಡ ತೀರ್ಮಾನಗಳಿಗೆ ಆ ಮಗು ಹೇಗೆ ಕೈಹಾಕುತ್ತದೆ ಎಂಬುದೂ ನಿಂತಿದೆ. ಕೂದಲು ಯಾರ ತಲೆಯ ಮೇಲಿದೆಯೋ ತೀರ್ಮಾನ ಅವರದ್ದು, ಮತ್ತು ಆ ತೀರ್ಮಾನವನ್ನು ಫೋಟೋದ ಗಡುವು ಮಾಡಿಸಬಾರದು. ನಾನು ಹೇಳಬೇಕೆಂದಿರುವುದು ಇದನ್ನೇ.

ತಲೆಗೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಸೊಂಟ ಮುಟ್ಟುವ ಜಡೆ ಎಂದರೆ ಐದಾರು ವರ್ಷ ಹಿಡಿದ ಬೆಳವಣಿಗೆ. ಅದರ ಹಿಂದೆ ದಾಸವಾಳದ ಎಣ್ಣೆ, ಮತ್ತಿಸೊಪ್ಪಿನ ಗಂಪು, ಸೀಗೆಪುಡಿ, ಅಂಟುವಾಳ, ಬೆಳಿಗ್ಗೆ ಶಾಲೆಯ ಬಸ್ಸಿಗೆ ಹೊತ್ತಾಗುತ್ತಿದ್ದರೂ ಹಿಂದೆ ಕುಳಿತು ಸಿಕ್ಕು ಬಿಡಿಸುವ ತಾಯಿಯ ಕೈ, ಎಲ್ಲ ಇವೆ. ಗ್ರೂಪ್ ಫೋಟೋದಲ್ಲಾದರೋ ಐವತ್ತು ಅರವತ್ತು ಜನ. ಶಿಕ್ಷಕರು ಕುರ್ಚಿಯಲ್ಲಿ, ಎತ್ತರದವರು ಹಿಂದಿನ ಬೆಂಚಿನ ಮೇಲೆ, ಒಂದೊಂದು ಮುಖವೂ ಕಿರುಬೆರಳ ಉಗುರಿನಷ್ಟು. ಜಡೆಯನ್ನು ಮುಂದಕ್ಕೆ ಎಳೆದುಕೊಳ್ಳದಿದ್ದರೆ ಅದು ಇದೆಯೋ ಇಲ್ಲವೋ ತಿಳಿಯುವುದೇ ಇಲ್ಲ. ಕತ್ತರಿಸಿದ ಕೂದಲು ಮರಳಿ ಬರಲು ವರ್ಷಗಳು ಬೇಕು. ಕತ್ತರಿಸದೆ ಬಿಟ್ಟದ್ದನ್ನು ನಾಳೆ ಹತ್ತು ನಿಮಿಷದಲ್ಲಿ ಕತ್ತರಿಸಬಹುದು. ಎರಡು ದಾರಿಗಳಲ್ಲಿ ಒಂದಕ್ಕೆ ಮಾತ್ರ ಹಿಂತಿರುಗುವ ಅವಕಾಶವಿದ್ದಾಗ, ಮನಸ್ಸು ಗಟ್ಟಿಯಾಗುವವರೆಗೆ ಆ ದಾರಿಯಲ್ಲೇ ನಿಲ್ಲುವುದು ಲೇಸು.

ಈ ವಿಷಯದಲ್ಲಿ ನಮ್ಮ ಹಿರಿಯರ ಕ್ರಮ ನನಗೆ ಹಿಡಿಸುತ್ತದೆ. ಹಳೆಯ ಸ್ಟುಡಿಯೋ ಫೋಟೋಗಳನ್ನು ಜೋಪಾನ ಮಾಡಿದವರ ಮನೆಗಳಲ್ಲಿ ಒಂದು ಬಗೆಯ ಚಿತ್ರ ನೋಡಸಿಗುತ್ತದೆ. ಮೊಗ್ಗಿನ ಜಡೆ ಹಾಕಿಸಿಕೊಂಡ ಪುಟ್ಟ ಹುಡುಗಿ, ಅವಳ ಹಿಂದೆ ನಿಲುವುಗನ್ನಡಿ. ಮುಖ ಕ್ಯಾಮೆರಾಕ್ಕೆ, ಜಡೆ ಕನ್ನಡಿಗೆ. ಎರಡೂ ಒಂದೇ ಚಿತ್ರದಲ್ಲಿ. ಗಂಡುಮಕ್ಕಳವೂ ಇವೆ. ಚೌಲಕ್ಕೋ ತಿರುಪತಿಯ ಮುಡಿಗೋ ಕೂದಲು ಬಿಟ್ಟಿದ್ದ ಮಗುವಿಗೆ ಜಡೆ ಹೆಣೆದು, ಹೂ ಮುಡಿಸಿ, ಲಂಗ ತೊಡಿಸಿ ಮೊದಲು ಫೋಟೋ ತೆಗೆಸುತ್ತಿದ್ದರು. ಕ್ಷೌರ ಆಮೇಲೆ. ಹೋಗಲಿರುವುದನ್ನು ಉಳಿಸಿಕೊಳ್ಳಲು ಫೋಟೋ ಎಂಬ ತಿಳಿವಳಿಕೆ ಅವರಿಗಿತ್ತು. ಫೋಟೋಕ್ಕೆಂದೇ ಕತ್ತರಿಸುವ ಈಗಿನ ರೂಢಿಯಲ್ಲಿ ಈ ಸರದಿ ಅದಲುಬದಲಾಗಿದೆ. ವರ್ಷವಿಡೀ ಎರಡು ಜಡೆಯಲ್ಲಿ ತರಗತಿಯಲ್ಲಿ ಕುಳಿತ ಹುಡುಗಿ, ನೆನಪಿಗೆಂದು ತೆಗೆದ ಚಿತ್ರದಲ್ಲಿ ಮಾತ್ರ ಇನ್ಯಾರೋ ಆಗಿ ನಿಲ್ಲುತ್ತಾಳೆ.

ಹಾಗೆಂದು ಉದ್ದ ಕೂದಲೇ ಶ್ರೇಷ್ಠ ಎನ್ನುವ ವಾದ ನನ್ನದಲ್ಲ. ಹೆಣ್ಣಿಗೆ ಜಡೆಯೇ ಭೂಷಣ ಎನ್ನುವವರು ಇದೇ ನೆಲದ ಇನ್ನೊಂದು ಕಥೆಯನ್ನು ಮರೆಯುತ್ತಾರೆ. ಆ ಭೂಷಣವನ್ನು ಗಂಡ ಸತ್ತ ಮರುದಿನಗಳಲ್ಲೇ ಬೋಳಿಸಿ, ಕೆಂಪು ಸೀರೆ ಉಡಿಸಿ, ಹಿತ್ತಿಲ ಕೋಣೆಗೆ ಕಳಿಸಿದ್ದು ಹವ್ಯಕರ ಮನೆಗಳೂ ಸೇರಿ ಬ್ರಾಹ್ಮಣರ ಮನೆಗಳೇ. ಎಂ.ಕೆ. ಇಂದಿರಾ 1976ರಲ್ಲಿ ಅಂಥ ವಿಧವೆಯೊಬ್ಬಳ ಕಥೆಯಾದ ‘ಫಣಿಯಮ್ಮ’ ಕಾದಂಬರಿ ಬರೆದಾಗ ಮಲೆನಾಡಿನ ಎಷ್ಟೋ ಮನೆಗಳಲ್ಲಿ ಅಂಥ ಅಜ್ಜಿಯರು ಇನ್ನೂ ಬದುಕಿದ್ದರು. ಉತ್ತರ ಕನ್ನಡ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಕಾಲದಲ್ಲಿ, 1890ರಲ್ಲಿ, ನಾರಾಯಣ ಮೇಘಾಜಿ ಲೋಖಂಡೆಯವರ ಮುಂದಾಳತ್ವದಲ್ಲಿ ಮುಂಬಯಿಯ ಕ್ಷೌರಿಕರು ಒಟ್ಟುಗೂಡಿ, ವಿಧವೆಯರ ತಲೆ ಬೋಳಿಸುವ ಕೆಲಸಕ್ಕೆ ಇನ್ನು ಕೈಹಾಕುವುದಿಲ್ಲ ಎಂದು ನಿರ್ಧರಿಸಿದ್ದರು. ಕತ್ತಿ ಹಿಡಿದವರಿಗೆ ಅರ್ಥವಾದದ್ದು ಮನೆಯ ಯಜಮಾನರಿಗೆ ಅರ್ಥವಾಗಲು ಇನ್ನೂ ಎರಡು ಮೂರು ತಲೆಮಾರು ಬೇಕಾಯಿತು.

ಕತ್ತರಿಯೇ ಬಿಡುಗಡೆಯಾದ ಸಂದರ್ಭವೂ ಉಂಟು. ಉತ್ತರ ಕರ್ನಾಟಕದಲ್ಲಿ ತಲೆಗೂದಲು ಗಂಟುಗಟ್ಟಿದ ಹುಡುಗಿಯರನ್ನು ಎಲ್ಲಮ್ಮನ ಕರೆ ಬಂದವರೆಂದು ದೇವದಾಸಿಯರಾಗಿ ಬಿಡುತ್ತಿದ್ದರು. 1982ರ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆಯ ಜೊತೆಗೆ, ಊರೂರಿಗೆ ಹೋಗಿ ಹುಡುಗಿಯರ ಮನವೊಲಿಸಿ ಆ ಜಡೆ ಕತ್ತರಿಸಿದ ಕಾರ್ಯಕರ್ತೆಯರ ಕೆಲಸವೂ ದೊಡ್ಡದು. ಅಲ್ಲಿ ಜಡೆ ಹೋದದ್ದರಿಂದ ಒಂದು ಬದುಕು ಉಳಿಯಿತು. ನಮ್ಮ ಅಜ್ಜಂದಿರ ಕಾಲದಲ್ಲಿ ಜುಟ್ಟು ತೆಗೆಸಿ ಕ್ರಾಪು ಬಿಟ್ಟ ಹುಡುಗರಿಗೆ ಮನೆಯಲ್ಲಿ ಊಟ ಹಾಕದ ಪ್ರಸಂಗಗಳನ್ನೂ ಕೇಳಿದ್ದೇವೆ. ಇಂದು ಸೋಂದೆಯ ಸ್ವರ್ಣವಲ್ಲಿಯಂಥ ಮಠಗಳ ವೇದಪಾಠಶಾಲೆ ಬಿಟ್ಟರೆ ಶಿಖೆ ಕಾಣುವುದೇ ಅಪರೂಪ, ಅದರಿಂದ ಯಾವ ಮನೆಯೂ ಮುಳುಗಲಿಲ್ಲ. ಕೂದಲಿನ ಉದ್ದಕ್ಕೆ ತನ್ನಷ್ಟಕ್ಕೆ ಮಾನವೂ ಇಲ್ಲ, ಅವಮಾನವೂ ಇಲ್ಲ. ಆ ತಲೆಯ ಒಡೆಯರ ಒಪ್ಪಿಗೆ ಇತ್ತೇ ಎಂಬುದೇ ಮುಖ್ಯ.

ಕೂದಲು, ಶಾಲೆ, ಫೋಟೋ ಮೂರೂ ಒಂದಾಗಿ ಘೋರವಾದ ಪ್ರಕರಣ ಅಮೆರಿಕದ್ದು. ಪೆನ್ಸಿಲ್ವೇನಿಯಾದ ಕಾರ್ಲೈಲ್‌ನಲ್ಲಿ ರಿಚರ್ಡ್ ಹೆನ್ರಿ ಪ್ರ್ಯಾಟ್ ಎಂಬ ಸೇನಾಧಿಕಾರಿ 1879ರಲ್ಲಿ ಮೂಲನಿವಾಸಿ ಮಕ್ಕಳಿಗಾಗಿ ವಸತಿಶಾಲೆ ತೆರೆದ. ಬಂದ ಮಕ್ಕಳ ಉದ್ದ ಕೂದಲನ್ನು ಕತ್ತರಿಸುವುದು ಅಲ್ಲಿನ ಮೊದಲ ಪಾಠ. ಅವರ ಅನೇಕ ಬುಡಕಟ್ಟುಗಳಲ್ಲಿ ಕೂದಲು ಕತ್ತರಿಸುವುದು ಹತ್ತಿರದವರು ಸತ್ತಾಗ. ಮಕ್ಕಳು ಮನೆಯಲ್ಲಿ ಯಾರು ತೀರಿಹೋದರೋ ಎಂದು ಅಳುತ್ತಿದ್ದವು. ಆ ಶಾಲೆ ಮಕ್ಕಳ ಜೋಡಿ ಚಿತ್ರಗಳನ್ನು ತೆಗೆಸುತ್ತಿತ್ತು, ಬಂದಾಗ ಒಂದು, ‘ತಿದ್ದಿದ’ ಮೇಲೆ ಇನ್ನೊಂದು. ನವಾಹೊ ಕುಲದ ಟಾಮ್ ಟೊರ್ಲಿನೊ ಎಂಬ ಯುವಕನ 1882ರ ಚಿತ್ರದಲ್ಲಿ ಭುಜದ ಕೆಳಗಿಳಿದ ಕೂದಲು, ಕಿವಿಯಲ್ಲಿ ಓಲೆ, ಕೊರಳಲ್ಲಿ ಸರ. 1885ರದರಲ್ಲಿ ಕತ್ತರಿಸಿ ಬಾಚಿದ ತಲೆ, ಕೋಟು, ಟೈ. ಈ ಚಿತ್ರಗಳನ್ನು ದಾನಿಗಳಿಗೂ ಅಧಿಕಾರಿಗಳಿಗೂ ತೋರಿಸಿ ಶಾಲೆಗೆ ಹಣ ಎತ್ತಿದರು. ಅಂಥ ವಸತಿಶಾಲೆಗಳಿಗಾಗಿ ಅಧ್ಯಕ್ಷ ಜೋ ಬೈಡನ್ ದೇಶದ ಪರವಾಗಿ ಕ್ಷಮೆ ಕೇಳಿದ್ದು 2024ರ ಅಕ್ಟೋಬರ್‌ನಲ್ಲಿ.

ನಮ್ಮ ಹೈಸ್ಕೂಲಿನ ಗ್ರೂಪ್ ಫೋಟೋವನ್ನು ಕಾರ್ಲೈಲ್‌ನ ಪಕ್ಕದಲ್ಲಿಡುವುದು ಅನ್ಯಾಯವಾದೀತು, ನಾನು ಇಡುತ್ತಿಲ್ಲ. ಆದರೆ ಶಾಲೆ ತನ್ನ ಶಿಸ್ತನ್ನು ಲೋಕಕ್ಕೆ ತೋರಿಸಲು ಮಕ್ಕಳ ತಲೆಯನ್ನು ಬಳಸಿಕೊಳ್ಳಬಹುದು ಎಂಬ ಎಚ್ಚರ ಅದರಿಂದ ಸಿಗುತ್ತದೆ. ಅದು ಯಲ್ಲಾಪುರ ಸೀಮೆಗೆ ಬೇಕಾದ ಎಚ್ಚರ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಶಿರಸಿಯ ಕಾಡಂಚಿನಲ್ಲಿ ಸಿದ್ದಿಯರು ಶತಮಾನಗಳಿಂದ ಬಾಳುತ್ತಿದ್ದಾರೆ. ಆಫ್ರಿಕಾ ಮೂಲದ ಈ ಸಮುದಾಯಕ್ಕೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಅವರಲ್ಲೊಬ್ಬರಾದ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡದ್ದು 2020ರಲ್ಲಿ. ಸಿದ್ದಿ ಮಕ್ಕಳ ಕೂದಲು ಹುಟ್ಟಿನಿಂದಲೇ ಗುಂಗುರು, ದಟ್ಟ. ‘ಎಣ್ಣೆ ಹಚ್ಚಿ ನುಣ್ಣಗೆ ಬಾಚಿಕೊಂಡು ಬನ್ನಿ’ ಎಂದು ಫೋಟೋದ ಹಿಂದಿನ ದಿನ ಹೇಳುವ ಮಾತು ನೇರ ಕೂದಲಿನ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡದ್ದು. ನುಣ್ಣಗಾಗದ ಕೂದಲಿನ ಮಗುವಿಗೆ ಅದರಲ್ಲಿ ಉಳಿಯುವ ದಾರಿ ಒಂದೇ, ಬುಡದವರೆಗೆ ಕತ್ತರಿಸುವುದು. ಮಾತು ಆಡಿದ ಶಿಕ್ಷಕರಿಗೆ ಕೆಟ್ಟ ಉದ್ದೇಶವೇನೂ ಇರದಿರಬಹುದು, ಆದರೆ ಮಗುವಿಗೆ ತಲುಪುವ ಅರ್ಥ ‘ನಿನ್ನ ಕೂದಲೇ ಅಶಿಸ್ತು’ ಎಂದು. ಇಂಥದ್ದನ್ನು ತಡೆಯಲೆಂದೇ ಕ್ಯಾಲಿಫೋರ್ನಿಯಾ 2019ರಲ್ಲಿ, ಆಮೇಲೆ ಅಮೆರಿಕದ ಇನ್ನೂ ಹಲವು ರಾಜ್ಯಗಳು, ಕಪ್ಪು ಜನರ ಕೂದಲಿನ ಸ್ವರೂಪವನ್ನೂ ಹೆಣಿಗೆಯನ್ನೂ ಕಾರಣವಾಗಿಸಿ ಶಾಲೆಯಲ್ಲಿ, ಕೆಲಸದಲ್ಲಿ ತಾರತಮ್ಯ ಮಾಡಬಾರದೆಂದು ಕಾನೂನು ತಂದವು. ನಮಗೆ ಹೊಸ ಕಾನೂನು ಬೇಕಿಲ್ಲ, ಶಿಕ್ಷಕರ ಕೊಠಡಿಯಲ್ಲಿ ಒಂದು ಸಂಜೆಯ ಮಾತುಕತೆ ಸಾಕು.

ಶಿಸ್ತಿನ ವಾದವನ್ನು ನಾನು ಹಗುರಾಗಿ ಕಾಣುವುದಿಲ್ಲ. 2023ರಲ್ಲಿ ಬಾಗಲಕೋಟೆ ಜಿಲ್ಲೆಯ ಕುಲಹಳ್ಳಿಯ ಸರ್ಕಾರಿ ಪ್ರೌಢಶಾಲೆಯ ಮುಖ್ಯಶಿಕ್ಷಕರು, ಹುಡುಗರಿಗೆ ‘ಹೆಬ್ಬುಲಿ’ ಸಿನಿಮಾ ಶೈಲಿಯ ಕಟಿಂಗ್ ಮಾಡಬೇಡಿ ಎಂದು ಊರಿನ ಕ್ಷೌರದಂಗಡಿಗೆ ಪತ್ರ ಬರೆದದ್ದು ರಾಜ್ಯವಿಡೀ ಸುದ್ದಿಯಾಯಿತು. ಓದಿನತ್ತ ಗಮನ ಹೋಗುತ್ತಿಲ್ಲವೆಂಬ ಅವರ ಕಳಕಳಿ ನಿಜವಾದದ್ದೇ. ಹೊಡೆಯಲಿಲ್ಲ, ಹೊರಗೆ ನಿಲ್ಲಿಸಲಿಲ್ಲ, ಕಾಗದ ಬರೆದರು, ಅದನ್ನು ಗೌರವಿಸುತ್ತೇನೆ. ಆದರೆ ಪತ್ರ ಹೋಗಬೇಕಾದದ್ದು ಹುಡುಗರಿಗೆ, ಅವರ ತಂದೆತಾಯಿಗೆ. ಕತ್ತರಿ ಹಿಡಿದವನ ಜೊತೆ ಮಾತಾಡಿ ತಲೆ ಕೊಟ್ಟವನನ್ನು ಬಿಟ್ಟರೆ ಶಿಸ್ತು ಕಲಿಸಿದಂತಾಗುವುದಿಲ್ಲ.

ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡುತ್ತದೆ. ಹುಡುಗನೊಬ್ಬ ಕಿವಿ ಮುಚ್ಚುವಷ್ಟು ಕೂದಲು ಬಿಟ್ಟು ಬಂದು, ‘ಧರ್ಮಸ್ಥಳಕ್ಕೆ ಹರಕೆ ಇದೆ ಸರ್, ಮುಡಿ ಕೊಡಬೇಕು’ ಎಂದರೆ ಯಾವ ಶಾಲೆಯೂ ತಕರಾರು ಮಾಡುವುದಿಲ್ಲ. ಮಾಡಲೂಬಾರದು. ಅದೇ ಉದ್ದ, ಅದೇ ತಲೆ. ‘ನನಗೆ ಇಷ್ಟ’ ಎಂದರೆ ಮಾತ್ರ ಪಾಲಕರನ್ನು ಕರೆದುಕೊಂಡು ಬಾ ಎನ್ನುತ್ತಾರೆ. ಹಾಗಾದರೆ ಓದಿಗೆ ಅಡ್ಡಿಯಾಗುವುದು ಕೂದಲಲ್ಲ ಎಂದು ನಾವೇ ಒಪ್ಪಿದಂತಾಯಿತು. ನಮಗೆ ಸಹಿಸಲಾಗದ್ದು ಮಗುವಿನ ಇಷ್ಟ. ದೇವರ ಹೆಸರಿನಲ್ಲಿ, ತಂದೆತಾಯಿಯ ಹೆಸರಿನಲ್ಲಿ, ಊರಿನ ಹೆಸರಿನಲ್ಲಿ ಬಂದ ಕಾರಣಗಳಿಗೆ ಮನ್ನಣೆ, ಸ್ವಂತ ಹೆಸರಿನಲ್ಲಿ ಬಂದದ್ದಕ್ಕೆ ಗದರಿಕೆ. ಇದನ್ನು ಕಲಿತ ಮಗು ಮುಂದೆ ಸುಳ್ಳು ಹರಕೆ ಹೇಳುವುದನ್ನೂ ಕಲಿಯುತ್ತದೆ.

ಕತ್ತರಿಸಲು ಒಳ್ಳೆಯ ಕಾರಣಗಳಿಲ್ಲವೆಂದಲ್ಲ. ಶಿರಸಿ ಸೀಮೆಯಲ್ಲಿ ವರ್ಷಕ್ಕೆ 2500 ಮಿಲಿಮೀಟರ್ ಆಸುಪಾಸು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉದ್ದ ಕೂದಲು ಒಣಗುವುದೇ ಇಲ್ಲ. ಬಚ್ಚಲೊಲೆಯ ಎದುರು ಕುಳಿತು ಅರ್ಧ ಒಣಗಿಸಿ, ಒದ್ದೆಯಲ್ಲೇ ಜಡೆ ಹಾಕಿ, ಮೈಲಿಗಟ್ಟಲೆ ನಡೆದು ಬಸ್ಸು ಹಿಡಿಯುವ ಹುಡುಗಿಗೆ ಕಿರಿಕಿರಿ ತಪ್ಪಿದ್ದಲ್ಲ. ಕಬಡ್ಡಿ ಆಡುವವಳಿಗೆ ಜಡೆ ತೊಡಕು. ತಾಯಿ ನಸುಕಿನಲ್ಲೇ ಕೊಟ್ಟಿಗೆಗೆ, ತೋಟಕ್ಕೆ ಹೋಗುವ ಮನೆಯಲ್ಲಿ ಬಾಚಲು ಯಾರಿಗೂ ಪುರುಸೊತ್ತಿಲ್ಲ. ಇವೆಲ್ಲ ಫೋಟೋದ ಮರುದಿನವೂ ಉಳಿಯುವ ಕಾರಣಗಳು. ಒಂದು ಕಾರಣದ ಗಟ್ಟಿತನ ನೋಡಲು ಇದೇ ಸುಲಭದ ಪರೀಕ್ಷೆ: ಫೋಟೋ ತೆಗೆಯುವುದು ರದ್ದಾಯಿತೆಂದುಕೊಳ್ಳಿ, ಆಗಲೂ ಕತ್ತರಿಸಬೇಕೆನ್ನಿಸುತ್ತದೆಯೇ? ಹೌದಾದರೆ ಕತ್ತರಿಸಿ, ಅಮ್ಮಮ್ಮ ನಾಲ್ಕು ದಿನ ಮುನಿಸಿಕೊಂಡರೂ ಸರಿ. ಅವಳ ಸಂಕಟ ದೊಡ್ಡದು, ಎಣ್ಣೆ ಹಚ್ಚಿದ್ದು ಅವಳ ಕೈ. ಅವಳಿಗೆ ಮೊದಲೇ ಹೇಳಬೇಕು, ಅವಳ ಮಾತನ್ನು ಪೂರ್ತಿ ಕೇಳಬೇಕು. ಆದರೂ ಅಪ್ಪಣೆ ಅವಳದ್ದಲ್ಲ.

ಮಕ್ಕಳ ಇಷ್ಟವೇ ಅವರದ್ದಲ್ಲ, ಗೆಳತಿಯರನ್ನೋ ರೀಲ್ಸನ್ನೋ ನೋಡಿ ಹುಟ್ಟಿದ್ದು ಎನ್ನುವವರಿದ್ದಾರೆ. ಇರಬಹುದು. ನಮ್ಮ ಇಷ್ಟಗಳೂ ಯಾರನ್ನೋ ನೋಡಿಯೇ ಹುಟ್ಟಿದವು. ನೋಡಿ ಹುಟ್ಟಿದ ಆಸೆಗೆ ಸ್ವಲ್ಪ ಕಾಲ ಕೊಟ್ಟರೆ ಅದು ತನ್ನದೋ ಅಲ್ಲವೋ ತಿಳಿಯುತ್ತದೆ. ಆರು ತಿಂಗಳಿಂದ ಬೇಕೆನ್ನುತ್ತಿರುವ ಹುಡುಗಿ ಫೋಟೋಕ್ಕೆ ವಾರ ಮೊದಲೇ ಕತ್ತರಿಸಿಕೊಂಡು, ಹೊಸ ರೂಪಕ್ಕೆ ತಾನೂ ಒಗ್ಗಿಕೊಂಡು ನಿಲ್ಲಲಿ. ಅವಳಿಗೆ ಫೋಟೋ ಕಾರಣವಲ್ಲ, ಒಂದು ತಾರೀಖು ಮಾತ್ರ. ನಿನ್ನೆ ಸಂಜೆ ಆಸೆ ಹುಟ್ಟಿದವಳು ಜಡೆಯಲ್ಲೇ ಫೋಟೋ ತೆಗೆಸಿಕೊಳ್ಳಲಿ, ಪರೀಕ್ಷೆ ಮುಗಿದ ಮೇಲೂ ಆಸೆ ಉಳಿದಿದ್ದರೆ ಆಗ ಕತ್ತರಿ. ಬೇಡವೆನ್ನುವ ಹುಡುಗನ ತಲೆಗೆ ಯಾರೂ ಕೈಹಾಕಬಾರದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಕಾಯ್ದೆಯ ವ್ಯಾಪ್ತಿ ಎಂಟನೇ ತರಗತಿಯವರೆಗೆ ಇದ್ದರೂ, ಅದು ಅಲ್ಲಿಗೇ ನಿಂತುಹೋಗುವ ನೀತಿಯೆಂದು ಯಾವ ಶಿಕ್ಷಕರೂ ತಿಳಿಯಬಾರದು.

ಮುಖ್ಯೋಪಾಧ್ಯಾಯರಲ್ಲಿ ನನ್ನ ಕೋರಿಕೆ ಸಣ್ಣದು. ಫೋಟೋದ ದಿನವನ್ನು ಎರಡು ವಾರ ಮೊದಲೇ ತಿಳಿಸಿ. ತಲೆ ಶುಚಿಯಾಗಿರಲಿ, ಮುಖ ಕಾಣುವಂತೆ ಕೂದಲು ಕಟ್ಟಿರಲಿ ಎನ್ನಿ. ಉದ್ದ ಗಿಡ್ಡದ ಮಾತು ಬೇಡ, ಗುಂಗುರು ಕೂದಲಿನ ಮಕ್ಕಳಿಗೆ ಬೇರೆ ನಿಯಮ ಬೇಡ. ಕೂದಲಿನ ಕಾರಣಕ್ಕೆ ಯಾವ ಮಗುವನ್ನೂ ಹಿಂದಿನ ಸಾಲಿಗೆ ಸರಿಸಬೇಡಿ. ತಂದೆತಾಯಿಗಳೇ, ಫೋಟೋದ ಹಿಂದಿನ ಸಂಜೆ ಮಕ್ಕಳನ್ನು ಕಟಿಂಗ್ ಅಂಗಡಿಗೆ ಕರೆದೊಯ್ಯುವ ಮುಂಚೆ ಒಮ್ಮೆ ಅವರನ್ನೇ ಕೇಳಿ, ಉತ್ತರ ಬರುವವರೆಗೆ ಕಾಯಿರಿ.